ನನ್ನ ಬೇಸ್ ಗಿಟಾರ್ ಹಾರ್ಮೋನಿಯಂ ತರ ಯಾಕೆ ಕೇಳಿಸುತ್ತೆ? ಪ್ಲಗಿನ್ ಬದಲಾಯಿಸಬೇಕಾ?

ರಸಬಾಳೆ_ನಂಜನಗೂಡು

ನಮಸ್ಕಾರ ಎಲ್ಲರಿಗೂ. ತಂಗಿ ಮದುವೆಗೆ ಅಂತ ಒಂದು ಹಾಡು ಮಾಡುತ್ತಿದ್ದೇನೆ. ಸಾಹಿತ್ಯ, ರಾಗ ಎಲ್ಲ ನನ್ನದೇ. ಜಿ ಮೇಜರ್, ಟೆಂಪೋ 92, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕೂರಿಸಿದ್ದೇನೆ. ತಬಲಾ ಮಾತ್ರ ನಿಜವಾದದ್ದು, ಪಕ್ಕದ ಬೀದಿಯ ಗೆಳೆಯ ನುಡಿಸಿದ್ದು. ಡ್ರಮ್ಸ್, ಪ್ಯಾಡ್, ಬೇಸ್ ಮೂರೂ ಪ್ಲಗಿನ್, ಅಂದರೆ ಕಂಪ್ಯೂಟರ್‌ನೊಳಗೇ ವಾದ್ಯದ ಶಬ್ದ ಕೊಡುವ ಸಾಫ್ಟ್‌ವೇರ್.

ನಿನ್ನೆ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವ ಇನ್ನೊಬ್ಬ ಗೆಳೆಯನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಬೇಸ್ ಯಾಕೋ ಹಾರ್ಮೋನಿಯಂ ತರ ಉಸಿರು ಬಿಡ್ತಾ ಇದೆಯಲ್ಲೋ." ಅಷ್ಟೇ. ಆಮೇಲೆ ಫೋನ್ ಎತ್ತುತ್ತಿಲ್ಲ, ಯಾವುದೋ ಊರಲ್ಲಿ ಕಾರ್ಯಕ್ರಮವಂತೆ.

ಮತ್ತೆ ಕೇಳಿದೆ. ಅವನು ಹೇಳಿದ್ದು ನಿಜ. ಪ್ಲಗಿನ್ ತೆರೆದು ಒಂದೊಂದೇ ಕೀ ಒತ್ತಿದರೆ ಸಖತ್ತಾಗಿ ಗಿಟಾರೇ. ಹಾಡಿನೊಳಗೆ ಹೋದ ತಕ್ಷಣ ಯಾರೋ ತಿದಿ ಒತ್ತಿದ ಹಾಗೆ ಊಂ ಅಂತ ಎಳೆಯುತ್ತೆ. ಇದು ಫ್ರೀ ಪ್ಲಗಿನ್. ನನ್ನ ಹತ್ತಿರ ಇರುವುದು 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್, 25 ಕೀ ಇರುವ ಪುಟ್ಟ ಕೀಬೋರ್ಡ್. ದುಡ್ಡು ಕೊಟ್ಟು ದೊಡ್ಡ ಪ್ಲಗಿನ್ ತಗೊಂಡರೆ ಸರಿಹೋಗುತ್ತಾ? ಮದುವೆಗೆ ಮೂರು ವಾರ ಇದೆ.

ಒಂಟಿ_ತಂತಿ

ನಿಜವಾದ ಬೇಸ್ ತಗೊಳ್ಳಿ. ಮುಗೀತು.

ರಸಬಾಳೆ_ನಂಜನಗೂಡು

ಮೂರು ವಾರದಲ್ಲಿ ಬೇಸ್ ಕಲಿಯಲಾ, ಛತ್ರದ ಓಡಾಟ ನೋಡಲಾ ಸರ್?

ದಾವಣಗೆರೆ_ಡ್ರಮ್ಮರ್

ಒಂಟಿ_ತಂತಿ ಅವರು ಪ್ರತಿ ಥ್ರೆಡ್‌ನಲ್ಲೂ ಇದನ್ನೇ ಹೇಳುತ್ತಾರೆ. ಪಿಟೀಲು ಪ್ಲಗಿನ್ ಬಗ್ಗೆ ಕೇಳಿದವನಿಗೂ ಪಿಟೀಲು ತಗೊಳ್ಳಿ ಅಂದಿದ್ದರು 😄

ಪಲ್ಲವಿಯ ಬೇಸ್‌ನಲ್ಲಿ ಏನಿದೆ ಅಂತ ಬರೆಯಿರಿ. ವೆಲಾಸಿಟಿ (ಸ್ವರ ಎಷ್ಟು ಜೋರಾಗಿ ಒತ್ತಿದ್ದು ಅನ್ನುವ ಅಂಕಿ) ಎಷ್ಟು ಇಟ್ಟಿದ್ದೀರಿ, ಕೀಬೋರ್ಡ್‌ನಲ್ಲಿ ನುಡಿಸಿದ್ದಾ, ಮೌಸ್‌ನಲ್ಲಿ ಕೂರಿಸಿದ್ದಾ?

ರಸಬಾಳೆ_ನಂಜನಗೂಡು

ಕೀಬೋರ್ಡ್‌ನಲ್ಲೇ ನುಡಿಸಿದ್ದು. ಆಮೇಲೆ ಸ್ವರಗಳು ತಾಳದ ಗೆರೆಗೆ ಸರಿಯಾಗಿ ಕೂರಲಿ ಅಂತ ಕ್ವಾಂಟೈಸ್ ಕೊಟ್ಟೆ. ಜಿ, ಬಿ, ಸಿ, ಡಿ, ಹೀಗೆ ಸುತ್ತುತ್ತೆ. ಸಿ ಬಂದಾಗ ಒಂದು ಆಕ್ಟೇವ್ ಕೆಳಗಿನದ್ದು ಒತ್ತಿದ್ದೇನೆ. ಮದುವೆ ಹಾಲ್ ಅದುರಲಿ ಅಂತ. ವೆಲಾಸಿಟಿ ಎಲ್ಲಾ 100ಕ್ಕೆ ಸಮ ಮಾಡಿದೆ, ಯಾವುದೋ ವಿಡಿಯೋದಲ್ಲಿ ಹಾಗೆ ಹೇಳಿದ್ದರು.

ಮಂದ್ರದ_ಮನುಷ್ಯ

ಹದಿನೈದು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಕೈ ನೋವು ಶುರುವಾದ ಮೇಲೆ ಪ್ಲಗಿನ್ನೂ ಬಳಸುತ್ತೇನೆ. ಹಾಗಾಗಿ ಎರಡೂ ಕಡೆ ಬೈಸಿಕೊಂಡು ಅಭ್ಯಾಸ.

ಮೊದಲು ಆ ಕೆಳಗಿನ ಸಿ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಇ. ಅದು ಸುಮಾರು 41 ಹರ್ಟ್ಸ್, ಮಿಡಿ ನಂಬರ್ (ಕಂಪ್ಯೂಟರ್ ಪ್ರತಿ ಸ್ವರಕ್ಕೂ ಕೊಡುವ ಸಂಖ್ಯೆ) 28. ನೀವು ಒತ್ತಿರುವ ಸಿ ಬಹುಶಃ 24. ಆ ಸ್ವರ ನಾಲ್ಕು ತಂತಿಯಲ್ಲಿ ಇಲ್ಲವೇ ಇಲ್ಲ. ಐದು ತಂತಿಯದ್ದಾದರೆ ಸರಿ, ಅದು ಬಿ ತನಕ ಇಳಿಯುತ್ತೆ, ಸುಮಾರು 31 ಹರ್ಟ್ಸ್. ಕೆಲವು ಪ್ಲಗಿನ್ ಅಲ್ಲಿ ಸುಮ್ಮನಿರುತ್ತವೆ. ಕೆಲವು ಮೇಲಿನ ಸ್ವರವನ್ನೇ ಎಳೆದು ಕೆಳಗಿಳಿಸುತ್ತವೆ, ಆಗ ಶಬ್ದ ರಬ್ಬರ್ ತರ ಆಗುತ್ತೆ.

ಸ್ವರದ ಹೆಸರು ನಂಬಬೇಡಿ, ನಂಬರ್ ನೋಡಿ. 60ನೇ ನಂಬರನ್ನು ರೀಪರ್ ಸಿ4 ಅನ್ನುತ್ತೆ, ಏಬಲ್ಟನ್ ಅದನ್ನೇ ಸಿ3 ಅನ್ನುತ್ತೆ, ಎಫ್‌ಎಲ್ ಸ್ಟುಡಿಯೋ ಸಿ5 ಅನ್ನುತ್ತೆ. ಪ್ಲಗಿನ್ ಜೊತೆ ಬರುವ ಪುಸ್ತಕ ಇನ್ನೇನೋ ಹೇಳುತ್ತಿರುತ್ತೆ. ಈ ಗೊಂದಲದಲ್ಲಿ ನಾನೇ ಒಂದು ಇಡೀ ಹಾಡನ್ನು ಒಂದು ಆಕ್ಟೇವ್ ಮೇಲೆ ಮಿಕ್ಸ್ ಮಾಡಿ ಕೊಟ್ಟಿದ್ದೇನೆ. ಹಾಡಿದವರು ಏನೂ ಹೇಳಲಿಲ್ಲ, ಅದೇ ಬೇಜಾರು.

ಲೂಪ್_ಲಕ್ಷ್ಮೀಶ

ಕ್ಷಮಿಸಿ, ಆದರೆ ಮದುವೆ ಹಾಲ್‌ನಲ್ಲಿ ಊಟದ ಗಲಾಟೆ ಮಧ್ಯೆ ತಂತಿ ಎಷ್ಟು ಅಂತ ಯಾರು ಎಣಿಸುತ್ತಾರೆ? ಕೆಳಗೆ ಗುಮ್ ಅಂದರೆ ಸಾಕು. ಈಗಿನ ಅರ್ಧ ಹಾಡುಗಳಲ್ಲಿ ಬೇಸ್ ಇರುವುದೇ ಸಿಂಥ್.

ಮಂದ್ರದ_ಮನುಷ್ಯ

ಸಿಂಥ್ ಬೇಕು ಅಂದರೆ ಸಿಂಥ್ ಹಾಕಿ, ಅದೂ ಚೆಂದವೇ. ಗಿಟಾರ್ ಬೇಕು ಅಂತ ಗಿಟಾರ್ ಪ್ಲಗಿನ್ ಹಾಕಿ, ಅದನ್ನು ಗಿಟಾರಿಗೆ ಆಗದ ರೀತಿ ನುಡಿಸಿದರೆ ಕಿವಿಗೆ ಎಲ್ಲೋ ಒಂದು ಕಡೆ ಚುಚ್ಚುತ್ತೆ. ಏನು ಚುಚ್ಚಿತು ಅಂತ ಹೇಳೋಕೆ ಬರದಿರಬಹುದು. ಅವರ ಗೆಳೆಯನಿಗೆ ಚುಚ್ಚಿತಲ್ಲ.

ಒಂಟಿ_ತಂತಿ

ಗೆಳೆಯ ನಿಜವಾದ ಬೇಸ್ ನುಡಿಸುತ್ತಾನೆ, ಅದಕ್ಕೇ ಚುಚ್ಚಿತು.

ದಾವಣಗೆರೆ_ಡ್ರಮ್ಮರ್

ವೆಲಾಸಿಟಿ ಎಲ್ಲಾ 100 ಇದ್ದರೆ ಮಿಷಿನ್ ಗನ್ ಆಗುತ್ತೆ. ಎಲ್ಲ ಆಯ್ಕೆ ಮಾಡಿ ಹ್ಯೂಮನೈಸ್ ಒತ್ತಿ, ಮನುಷ್ಯ ನುಡಿಸಿದ ಹಾಗೆ ಸ್ವಲ್ಪ ಏರುಪೇರು ಮಾಡುತ್ತೆ. ವೆಲಾಸಿಟಿ 15, ಟೈಮಿಂಗ್ 20 ಟಿಕ್ ಹಿಂದೆಮುಂದೆ. ಒಂದು ನಿಮಿಷದ ಕೆಲಸ.

ಮಂದ್ರದ_ಮನುಷ್ಯ

ಅಯ್ಯೋ ಬೇಡ. ಡ್ರಮ್ಮರ್ ಆಗಿ ನೀವೇ ಹೀಗಂದರೆ ಹೇಗೆ ಗುರುಗಳೇ?

ಟೆಂಪೋ 92 ಅಂದರೆ ಒಂದು ಬೀಟ್‌ಗೆ ಸುಮಾರು 652 ಮಿಲಿಸೆಕೆಂಡ್. ಬೀಟ್‌ಗೆ 480 ಟಿಕ್ ಅಂತ ಹಿಡಿದರೆ 20 ಟಿಕ್ ಅಂದರೆ 27 ಮಿಲಿಸೆಕೆಂಡ್. ಒಂದು ಸ್ವರ 27 ಮುಂದೆ, ಪಕ್ಕದ್ದು 27 ಹಿಂದೆ ಬಿದ್ದರೆ ಕುಡಿದವನು ನುಡಿಸಿದ ಹಾಗಿರುತ್ತೆ. ಚೆನ್ನಾಗಿ ನುಡಿಸುವವನು ಹಾಗೆಲ್ಲ ಚೆಲ್ಲಾಡುವುದಿಲ್ಲ. ಕಿಕ್ ಡ್ರಮ್‌ಗಿಂತ ಒಂಚೂರು ಹಿಂದೆ ಕೂತರೆ ಹಾಡಿಡೀ ಅಷ್ಟೇ ಹಿಂದೆ ಕೂರುತ್ತಾನೆ. ನಾನಾದರೆ ಇಡೀ ಬೇಸ್ ಟ್ರ್ಯಾಕನ್ನೇ 8-10 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳುತ್ತೇನೆ. ಚರಣಕ್ಕೆ ಹೋಗುವಾಗ ಬರುವ ಫಿಲ್ ಮಾತ್ರ ಕೈಯಲ್ಲಿ ಸ್ವಲ್ಪ ಮುಂದೆ ಎಳೆಯುತ್ತೇನೆ, ಅಲ್ಲಿ ಎಲ್ಲರಿಗೂ ಆತುರ ಇದ್ದೇ ಇರುತ್ತೆ.

ವೆಲಾಸಿಟಿನೂ ಅಷ್ಟೇ. ತೋರುಬೆರಳು, ನಡುಬೆರಳು ಒಂದಾದ ಮೇಲೆ ಒಂದು ಮೀಟುತ್ತವೆ. ತೋರುಬೆರಳಿಗೆ 96 ಅಂದರೆ ನಡುಬೆರಳಿಗೆ 90. ಮೊದಲ ಬೀಟ್‌ಗೆ 104. ಇದರಲ್ಲಿ ಒಂದು ಕ್ರಮ ಇದೆ. ಲಾಟರಿ ಎತ್ತಿದ ಹಾಗೆ ಮಾಡಬೇಡಿ.

ಹಳೆ_ಕ್ಯಾಸೆಟ್

ಎರಡು ಬೆರಳು ಕಡ್ಡಾಯ ಏನಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದರು. ಆ ಬೆರಳಿಗೆ 'ದಿ ಹುಕ್' ಅಂತಲೇ ಹೆಸರು. 1962ರ ಪ್ರಿಸಿಶನ್ ಬೇಸ್, ಫ್ಲಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿ, ಕಿತ್ತು ಹೋಗುವ ತನಕ ತಂತಿ ಬದಲಾಯಿಸುತ್ತಿರಲಿಲ್ಲ. ಬ್ರಿಡ್ಜ್ ಮುಚ್ಚಳದ ಕೆಳಗೆ ಫೋಮ್ ಬೇರೆ. ಅದಕ್ಕೇ ಆ ಶಬ್ದ ದಪ್ಪಗೆ, ಕುಳ್ಳಗೆ ಬರುತ್ತಿತ್ತು.

ರಸಬಾಳೆಯವರೇ, ತಬಲಾ ಇರುವ ಮೆಲೋಡಿ ಹಾಡಿಗೆ ಹೊಸ ಸ್ಟೀಲ್ ತಂತಿಯ ಕಣಕಣ ಯಾಕೆ? ಪ್ಲಗಿನ್‌ನಲ್ಲಿ ಫ್ಲಾಟ್‌ವೂಂಡ್ ಅಥವಾ ಮ್ಯೂಟ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಟೋನ್ ಗುಂಡಿ ಅರ್ಧ ಮುಚ್ಚಿ.

ಅಂದ ಹಾಗೆ ಇಳಯರಾಜಾ ಅವರ ಹಾಡುಗಳಲ್ಲಿ ಬೇಸ್ ತನ್ನದೇ ಇನ್ನೊಂದು ಹಾಡು ಹಾಡುತ್ತಿರುತ್ತೆ. 1981ರ 'ಗೀತಾ' ಹಾಡುಗಳನ್ನು ಹೆಡ್‌ಫೋನ್ ಹಾಕಿ, ಬೇಸ್ ಮಾತ್ರ ಹಿಡಿದುಕೊಂಡು ಒಮ್ಮೆ ಕೇಳಿ.

ಲೂಪ್_ಲಕ್ಷ್ಮೀಶ

ಬಂತಪ್ಪಾ, ಎಲ್ಲಿ ಹೋದರೂ ಇಳಯರಾಜಾ.

ಹಳೆ_ಕ್ಯಾಸೆಟ್

ಬೇಸ್ ಬಗ್ಗೆ ಮಾತಾಡುವಾಗ ಬರದೆ ಇನ್ನು ಯಾವಾಗ ಬರಬೇಕಪ್ಪ?

ಚಿಪ್_ಚಂದ್ರಹಾಸ

ಪ್ರಶ್ನೆ ಪ್ಲಗಿನ್ ಬಗ್ಗೆ ಇತ್ತು, ಅದನ್ನು ಎಲ್ಲರೂ ಮರೆತ ಹಾಗಿದೆ. ಇವುಗಳಲ್ಲಿ ಎರಡು ಜಾತಿ. ಒಂದು, ನಿಜವಾದ ಬೇಸನ್ನು ಒಂದೊಂದು ಸ್ವರಕ್ಕೂ ಹಲವು ಸಲ ರೆಕಾರ್ಡ್ ಮಾಡಿ ಇಟ್ಟಿರುವುದು. ಸ್ಪೆಕ್ಟ್ರಾಸಾನಿಕ್ಸ್‌ನ ಟ್ರಿಲಿಯನ್ ಅಂಥದ್ದು, 2009ರಲ್ಲಿ ಬಂತು, ಡಿಸ್ಕ್‌ನಲ್ಲಿ 30 ಜಿಬಿಗೂ ಜಾಸ್ತಿ ಜಾಗ ಕೇಳುತ್ತೆ. ಇನ್ನೊಂದು, ರೆಕಾರ್ಡಿಂಗ್ ಇಲ್ಲದೆ ತಂತಿ ಹೇಗೆ ಅದುರುತ್ತೆ ಅನ್ನುವುದನ್ನು ಲೆಕ್ಕ ಹಾಕಿಯೇ ಶಬ್ದ ಹುಟ್ಟಿಸುವುದು. ಐಕೆ ಮಲ್ಟಿಮೀಡಿಯಾದ ಮೋಡೋ ಬೇಸ್ ಹಾಗೆ, 2016ರದ್ದು. ಡಿಸ್ಕ್ ಜಾಗ ಕಡಿಮೆ ಸಾಕು, ಪ್ರೊಸೆಸರ್‌ಗೆ ಕೆಲಸ ಜಾಸ್ತಿ. ಅದರಲ್ಲಿ ಎಲ್ಲಿ ಮೀಟಬೇಕು ಅಂತ ಕೈಯನ್ನೇ ಸರಿಸಬಹುದು. ಬ್ರಿಡ್ಜ್ ಹತ್ತಿರ ತಂದರೆ ಬಿಗಿ, ಕುತ್ತಿಗೆ ಕಡೆ ಒಯ್ದರೆ ಮೆತ್ತಗೆ. ಟೂನ್‌ಟ್ರ್ಯಾಕ್‌ನ ಈಝಿಬೇಸ್ ಇನ್ನೊಂದು ದಾರಿ, ರೆಡಿ ಲೈನ್‌ಗಳೇ ಒಳಗಿರುತ್ತವೆ.

ಫ್ರೀ ಬೇಕಾದರೆ ಆಂಪಲ್ ಬೇಸ್ ಪಿ ಲೈಟ್ ನೋಡಿ. ಕಾಂಟ್ಯಾಕ್ಟ್‌ಗೆ (ವಾದ್ಯಗಳ ರೆಕಾರ್ಡಿಂಗ್ ನುಡಿಸುವ ಸಾಫ್ಟ್‌ವೇರ್) ಅಂತ ಸಿಗುವ ಫ್ರೀ ಲೈಬ್ರರಿ ಇಳಿಸುವ ಮೊದಲು ಅದಕ್ಕೆ ಪೂರ್ತಿ ಕಾಂಟ್ಯಾಕ್ಟ್ ಬೇಕಾ, ಫ್ರೀ ಪ್ಲೇಯರ್ ಸಾಕಾ ಅಂತ ಓದಿ. ಪೂರ್ತಿದು ಬೇಕಾದದ್ದನ್ನು ಪ್ಲೇಯರ್‌ನಲ್ಲಿ ಹಾಕಿದರೆ 15 ನಿಮಿಷಕ್ಕೆ ನಿಂತು ಹೋಗುತ್ತೆ.

ಬೀಟ್_ಬಸವ

ಚಂದ್ರಹಾಸ ಅಣ್ಣಾ, ಟ್ರಿಲಿಯನ್ ಕ್ರ್ಯಾಕ್ ಸಿಗುತ್ತಾ? ಮೆಸೇಜ್ ಮಾಡಿ.

ಚಿಪ್_ಚಂದ್ರಹಾಸ

ಇಲ್ಲ. ಸಿಕ್ಕಿದರೂ ಕೊಡಲ್ಲ. ಅಂಥ ಒಂದು ಫೈಲ್ ಹಾಕಿಕೊಂಡು ನನ್ನ ಗೆಳೆಯ ಆರು ತಿಂಗಳ ಪ್ರಾಜೆಕ್ಟ್ ಕಳೆದುಕೊಂಡ. ವೈರಸ್ ಬೇಸ್ ನುಡಿಸಲ್ಲ.

ವೀಣೆ_ಮೇಷ್ಟ್ರ_ಮಗಳು

ನನಗೆ ಬೇಸ್ ಗೊತ್ತಿಲ್ಲ, ವೀಣೆ ಗೊತ್ತು. ಮಧ್ಯೆ ಬಾಯಿ ಹಾಕುತ್ತಿದ್ದೇನೆ.

ವೀಣೆಯಲ್ಲಿ ಪ್ರತಿ ಸ್ವರಕ್ಕೂ ಮೀಟುವುದಿಲ್ಲ. ಒಂದು ಸಲ ಮೀಟಿ, ಆ ನಾದ ಇರುವಾಗಲೇ ಎಡಗೈಯಲ್ಲಿ ಎರಡು ಮೂರು ಸ್ವರ ತೆಗೆಯುತ್ತೇವೆ. ಜಾರು ಅಂದರೆ ಅದೇ. ಚಿಕ್ಕವಳಿದ್ದಾಗ ಅಪ್ಪನ ಹತ್ತಿರ ನನಗೆ ಬೀಳುತ್ತಿದ್ದ ಬೈಗುಳ ಒಂದೇ: "ಮೀಟು ಎಲ್ಲಿ ಹೋಯಿತು? ಸ್ವರ ನೆನೆದ ಹಪ್ಪಳ ಆಗಿದೆ." ಮೀಟಬೇಕಾದ ಕಡೆ ಮೀಟದೆ ಬರೀ ಎಡಗೈಯಲ್ಲಿ ಎಳೆದುಕೊಂಡು ಹೋದರೆ ಸ್ವರಕ್ಕೆ ಮುಖವೇ ಇರುವುದಿಲ್ಲ. ನಿಮ್ಮ ಹಾರ್ಮೋನಿಯಂ ಕಥೆ ಓದಿದಾಗ ಅದು ನೆನಪಾಯಿತು. ನಿಮ್ಮ ಪ್ಲಗಿನ್ ಪ್ರತಿ ಸ್ವರವನ್ನೂ ಮೀಟುತ್ತಾ ಇದೆಯಾ?

ಮಂದ್ರದ_ಮನುಷ್ಯ

ಮೇಡಂ, ನಿಮಗೊಂದು ನಮಸ್ಕಾರ. ನಾನು ತಂತಿ ಎಣಿಸುತ್ತಾ ಕೂತಿದ್ದೆ, ಇದು ಹೊಳೆಯಲೇ ಇಲ್ಲ.

ರಸಬಾಳೆಯವರೇ, ಪಿಯಾನೋ ರೋಲ್ (ಸ್ವರಗಳು ಪಟ್ಟಿಗಳಾಗಿ ಕಾಣುವ ಪರದೆ) ದೊಡ್ಡದು ಮಾಡಿ ನೋಡಿ. ಒಂದು ಸ್ವರದ ಬಾಲ ಮುಂದಿನ ಸ್ವರದ ತಲೆ ಮೇಲೆ ಬಿದ್ದಿದೆಯಾ? ತುಂಬಾ ಬೇಸ್ ಪ್ಲಗಿನ್‌ಗಳಲ್ಲಿ ಎರಡು ಸ್ವರ ಒಂದರ ಮೇಲೊಂದು ಬಂದರೆ ಅದನ್ನು ಲೆಗಾಟೋ ಅಂತ ತಿಳಿದುಕೊಳ್ಳುತ್ತವೆ. ಎರಡನೇ ಸ್ವರಕ್ಕೆ ಬಲಗೈ ಮೀಟಲ್ಲ, ಎಡಗೈ ಬೆರಳು ತಂತಿ ಮೇಲೆ ಬಡಿದ ಶಬ್ದ ಬರುತ್ತೆ, ಹ್ಯಾಮರ್ ಆನ್. ಕೀಬೋರ್ಡ್ ನುಡಿಸುವವರು ಒಂದು ಕೀ ಬಿಡುವ ಮೊದಲೇ ಇನ್ನೊಂದು ಒತ್ತುತ್ತಾರೆ, ಅದು ಕೈಯ ಅಭ್ಯಾಸ. ಕ್ವಾಂಟೈಸ್ ಕೊಟ್ಟಾಗ ಸಾಮಾನ್ಯವಾಗಿ ಸ್ವರದ ಶುರು ಮಾತ್ರ ಗ್ರಿಡ್‌ಗೆ ಹೋಗುತ್ತೆ, ಬಾಲ ಎಲ್ಲಿತ್ತೋ ಅಲ್ಲೇ ನೇತಾಡುತ್ತಿರುತ್ತೆ.

ರಸಬಾಳೆ_ನಂಜನಗೂಡು

ಹೌದು!! ಈಗ ನೋಡಿದೆ. ಜಿ ಬಿಟ್ಟು ಬಿಗೆ ಹೋಗುವಲ್ಲಿ, ಬಿ ಬಿಟ್ಟು ಸಿಗೆ ಹೋಗುವಲ್ಲಿ, ಎಲ್ಲಾ ಕಡೆ ಕೂದಲೆಳೆಯಷ್ಟು ಒಂದರ ಮೇಲೊಂದು ಕೂತಿದೆ. ಮಾಮೂಲಿ ಝೂಮ್‌ನಲ್ಲಿ ಕಾಣುವುದೇ ಇಲ್ಲ. ಒಂದು ಸಾಲಿನಲ್ಲಿ ಹನ್ನೊಂದು ಸ್ವರ ಇದ್ದರೆ ನಿಜವಾಗಿ ಮೀಟಿರುವುದು ಬರೀ ಮೂರು.

ಇಡೀ ವಾರ ಈಕ್ಯೂ (ಶಬ್ದದ ಕೆಳಗಿನ, ಮೇಲಿನ ಭಾಗ ಏರಿಳಿಸುವುದು) ತಿರುಗಿಸಿದ್ದೆ. 🤦

ಮಂದ್ರದ_ಮನುಷ್ಯ

ಬಾಲ ಕತ್ತರಿಸಿ. ಆದರೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಬೇಡಿ. ಬೇಸ್‌ನಲ್ಲಿ ಸ್ವರ ಎಲ್ಲಿ ನಿಲ್ಲುತ್ತೆ ಅನ್ನುವುದರಲ್ಲೇ ಅರ್ಧ ತಾಳ ಇದೆ. ಸ್ನೇರ್ ಡ್ರಮ್ ಬೀಳುವ ಜಾಗಕ್ಕೆ ಮುಂಚೆ ಬೇಸ್ ಬಾಯಿ ಮುಚ್ಚಿದರೆ ಸ್ನೇರ್ ಎರಡು ಪಟ್ಟು ದೊಡ್ಡದಾಗಿ ಕೇಳಿಸುತ್ತೆ, ವಾಲ್ಯೂಮ್ ಮುಟ್ಟಬೇಕಾಗಿಲ್ಲ. ಪಲ್ಲವಿಯಲ್ಲಿ ಗಿಡ್ಡ, ಚರಣದಲ್ಲಿ ಉದ್ದ ಇಟ್ಟು ನೋಡಿ. ಒಂದೆರಡು ಕಡೆ ಲೆಗಾಟೋ ಬೇಕಂತಲೇ ಉಳಿಸಿ. ಬಿ ಇಂದ ಸಿಗೆ ಹೋಗುವುದು ಒಂದೇ ಫ್ರೆಟ್ (ಗಿಟಾರ್ ಕುತ್ತಿಗೆಯ ಒಂದು ಮೆಟ್ಟಿಲು), ಅಲ್ಲಿ ಹ್ಯಾಮರ್ ಆನ್ ಸಹಜ. ಮುಂದೆ ಸಿ ಇಂದ ಡಿಗೆ ಎರಡು ಫ್ರೆಟ್, ಅಲ್ಲಿ ಜಾರಿಸಬಹುದು. ಜಿ ಇಂದ ಮೇಲಿನ ಜಿಗೆ ಯಾರೂ ಹ್ಯಾಮರ್ ಹಾಕಲ್ಲ, ಅಷ್ಟುದ್ದದ ಬೆರಳು ದೇವರು ಕೊಟ್ಟಿಲ್ಲ.

ತಂತಿ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಆ ಮೇಲಿನ ಜಿ ಇದೆಯಲ್ಲ, 98 ಹರ್ಟ್ಸ್‌ನದ್ದು, ಅದು ನಾಲ್ಕು ಕಡೆ ಸಿಗುತ್ತೆ. ಜಿ ತಂತಿಯನ್ನು ಹಾಗೇ ಮೀಟಿದರೆ ಒಂದು. ಡಿ ತಂತಿಯ 5ನೇ ಫ್ರೆಟ್, ಎ ತಂತಿಯ 10, ಇ ತಂತಿಯ 15. ಸ್ವರ ಒಂದೇ, ಬಣ್ಣ ನಾಲ್ಕು. ತೆರೆದ ತಂತಿ ಗಣಗಣ ಅನ್ನುತ್ತೆ. ಇ ತಂತಿ ಮೇಲಿನದ್ದು ಕಂಬಳಿ ಹೊದ್ದುಕೊಂಡ ಹಾಗಿರುತ್ತೆ. ಪ್ಲಗಿನ್ ತಾನಾಗೇ ಆರಿಸಲು ಬಿಟ್ಟರೆ ಕೆಲವೊಮ್ಮೆ ಸಾಲಿನ ಮಧ್ಯೆ ಒಂದು ಸ್ವರ ಮಾತ್ರ ತೆರೆದ ತಂತಿಗೆ ಹಾರಿ ಹಲ್ಲು ಕಿರಿಯುತ್ತೆ. ಕೈ ಯಾವ ಫ್ರೆಟ್ ಹತ್ತಿರ ಇರಬೇಕು ಅಂತ ಹೇಳುವ ಆಯ್ಕೆ ಇದ್ದರೆ ಅದನ್ನು ಒಂದೇ ಕಡೆ ನಿಲ್ಲಿಸಿ.

ಲೂಪ್_ಲಕ್ಷ್ಮೀಶ

ಸರಿ, ಸೋತೆ. ನನ್ನ ಹಳೇ ಪ್ರಾಜೆಕ್ಟ್ ತೆರೆದು ನೋಡಿದೆ, ನನ್ನದೂ ಇದೇ ಕಥೆ. ಎರಡು ವರ್ಷದಿಂದ ನನ್ನ ಬೇಸಿಸ್ಟ್ ಬಲಗೈ ಜೇಬಲ್ಲಿಟ್ಟುಕೊಂಡು ನುಡಿಸುತ್ತಿದ್ದಾನೆ.

ಬೀಟ್_ಬಸವ

😂😂

ವೀಣೆ_ಮೇಷ್ಟ್ರ_ಮಗಳು

ಒಂದು ಸಂದೇಹ. ಜಾರು ಬೇಕಾದರೆ ಪಿಚ್ ಬೆಂಡ್ ಗಾಲಿ ತಿರುಗಿಸಿದರೆ ಸಾಕಾ? ನನ್ನ ತಮ್ಮ ಹಾಗೆ ಮಾಡಿದ, ಸ್ವರ ಎಲ್ಲೋ ಹೋಗಿ ಬಿತ್ತು. ಶ್ರುತಿಗೆ ಸೇರಲೇ ಇಲ್ಲ.

ಚಿಪ್_ಚಂದ್ರಹಾಸ

ಪ್ಲಗಿನ್‌ನಲ್ಲಿ ಬೆಂಡ್ ರೇಂಜ್ ಎಷ್ಟಿದೆ ನೋಡಲು ಹೇಳಿ ಮೇಡಂ. ಎರಡು ಸೆಮಿಟೋನ್ ಅಂತ ಅವರು ಅಂದುಕೊಂಡಿದ್ದಾರೆ, ಒಳಗೆ 12 ಇದ್ದರೆ ಗಾಲಿ ಪೂರ್ತಿ ತಿರುಗಿಸಿದಾಗ ಒಂದು ಆಕ್ಟೇವ್ ಹಾರುತ್ತೆ. ಎರಡಕ್ಕೆ ಇಟ್ಟುಕೊಂಡರೆ ಪೂರ್ತಿ ತಿರುಗಿಸಿದ್ದು ಸರಿಯಾಗಿ ಎರಡು ಫ್ರೆಟ್. ಗಮಕಕ್ಕೆ ಫ್ರೆಟ್‌ಲೆಸ್ ಬೇಸ್ ಇರುವ ಪ್ಲಗಿನ್ ಒಳ್ಳೆಯದು. ಫ್ರೆಟ್ ಇರುವ ಬೇಸ್‌ನಲ್ಲಿ ಕೈ ಜಾರಿಸಿದರೆ ಮಧ್ಯೆ ಟಕಟಕ ಅಂತ ಮೆಟ್ಟಿಲು ಕೇಳಿಸಬೇಕು. ಬೆಂಡ್‌ನಲ್ಲಿ ಅದು ಬರಲ್ಲ, ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಹೋಗುತ್ತೆ. ಹಾಗಾಗಿ ಅಲ್ಲಿ ಪ್ಲಗಿನ್‌ನ ಸ್ಲೈಡ್ ಕೀಸ್ವಿಚ್ (ಸ್ವರ ಕೊಡದೆ ನುಡಿಸುವ ಶೈಲಿ ಬದಲಿಸುವ ಕೀ) ಬಳಸುವುದೇ ವಾಸಿ.

ರಸಬಾಳೆ_ನಂಜನಗೂಡು

ಬಾಲ ಎಲ್ಲ ಕತ್ತರಿಸಿ ಆಯಿತು. ರಾತ್ರಿ ಒಂದೂವರೆ. ಈಗ ಗಿಟಾರ್ ತರ ಕೇಳುತ್ತಿದೆ, ನಿಜವಾಗಲೂ. ಅದೇ ಫ್ರೀ ಪ್ಲಗಿನ್.

ಎರಡು ತೊಂದರೆ. ಒಂದು, 17ನೇ ಬಾರ್‌ನಲ್ಲಿ ಇದ್ದಕ್ಕಿದ್ದಂತೆ ಫಟ್ ಅಂತ ಕಪಾಳಕ್ಕೆ ಹೊಡೆದ ಹಾಗೆ ಶಬ್ದ, ಅಲ್ಲಿಂದ ಕೊನೆತನಕ ಎಲ್ಲ ಸ್ವರವೂ ಹಾಗೇ. ಎರಡು, ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ, ಮೊಬೈಲ್‌ನಲ್ಲಿ ಬೇಸ್ ಇರುವುದೇ ಗೊತ್ತಾಗಲ್ಲ. ನೆಂಟರೆಲ್ಲ ವಾಟ್ಸಾಪ್‌ನಲ್ಲೇ ಕೇಳುವುದು.

ಚಿಪ್_ಚಂದ್ರಹಾಸ

17ನೇ ಬಾರ್‌ನಲ್ಲಿ ತೀರಾ ಕೆಳಗೆ ಒಂದು ಪುಟ್ಟ ಸ್ವರ ಬಿದ್ದಿರುತ್ತೆ ನೋಡಿ. ಅದು ಕೀಸ್ವಿಚ್. ನುಡಿಸುವಾಗ ಬೆರಳು ತಾಗಿ ಸ್ಲ್ಯಾಪ್‌ಗೆ (ತಂತಿಗೆ ಹೆಬ್ಬೆರಳಲ್ಲಿ ಬಡಿಯುವ ಶೈಲಿ) ಹೋಗಿದೆ. ಅಳಿಸಿ. 25 ಕೀ ಕೀಬೋರ್ಡ್‌ನಲ್ಲಿ ಆಕ್ಟೇವ್ ಗುಂಡಿ ಒತ್ತಿದ್ದು ಮರೆತರೆ ಹೀಗಾಗುತ್ತೆ.

ದಾವಣಗೆರೆ_ಡ್ರಮ್ಮರ್

ಮೊಬೈಲ್‌ಗೆ 60 ಹರ್ಟ್ಸ್ ಹತ್ತಿರ ಈಕ್ಯೂನಲ್ಲಿ 6 ಡಿಬಿ ಏರಿಸಿ.

ಮಂದ್ರದ_ಮನುಷ್ಯ

ಡ್ರಮ್ಮರ್ ಸಾಹೇಬರೇ, ಇವತ್ತು ನಿಮಗೂ ನನಗೂ ಆಗಿಬರಲ್ಲ. ಮೊಬೈಲ್ ಸ್ಪೀಕರ್ ಉಗುರಿನಷ್ಟಿದೆ, 60 ಹರ್ಟ್ಸ್ ಅದರಿಂದ ಬರುವುದೇ ಇಲ್ಲ. ಏರಿಸಿದರೆ ಮೊಬೈಲ್‌ನಲ್ಲಿ ಏನೂ ಬದಲಾಗಲ್ಲ, ಮದುವೆ ಹಾಲ್‌ನಲ್ಲಿ ಮಾತ್ರ ತಬಲಾದ ಎಡ ಮುಳುಗಿ ಹೋಗುತ್ತೆ.

ಬೇಸ್ ಟ್ರ್ಯಾಕ್ ನಕಲು ಮಾಡಿ. ಮೊದಲನೆಯದರಲ್ಲಿ ಸುಮಾರು 250 ಹರ್ಟ್ಸ್ ಕೆಳಗಿನದ್ದು ಮಾತ್ರ ಉಳಿಸಿ, ಅದನ್ನು ಸ್ವಚ್ಛವಾಗಿಡಿ, ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಕಂಪ್ರೆಸರ್ 4ಕ್ಕೆ 1. ಎರಡನೆಯದರಲ್ಲಿ ಅದರ ಮೇಲಿನದ್ದು ಇಟ್ಟು ಆಂಪ್ ಸಿಮ್ಯುಲೇಟರ್ (ಗಿಟಾರ್ ಆಂಪ್ಲಿಫೈಯರ್ ಶಬ್ದ ಅನುಕರಿಸುವ ಪ್ಲಗಿನ್) ಹಾಕಿ ಸ್ವಲ್ಪ ಒರಟು ಮಾಡಿ. ಆಂಪೆಗ್ ಎಸ್‌ವಿಟಿ ತರದ್ದು ಯಾವುದಾದರೂ ಫ್ರೀ ಸಿಗುತ್ತೆ. ಎರಡನೆಯದು ಒಂಟಿಯಾಗಿ ಕೇಳಿದರೆ ಕೆಟ್ಟದಾಗಿರುತ್ತೆ, ಹೆದರಬೇಡಿ. ಆಮೇಲೆ ಮೊಬೈಲ್‌ನಲ್ಲಿ ಕೇಳಿ. ಒಂದು ಸ್ವರದ 2, 3, 4 ಪಟ್ಟು ಕಂಪನಗಳು ಕಿವಿಗೆ ಬಿದ್ದರೆ ಬುಡದ ಸ್ವರ ಇಲ್ಲದಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತೆ. ಎರಡೂ ಸೇರಿಸಿದಾಗ ಸಪ್ಪೆ ಅನಿಸಿದರೆ ಒಂದರ ಫೇಸ್ ಗುಂಡಿ ತಿರುಗಿಸಿ ನೋಡಿ, ಯಾವುದರಲ್ಲಿ ದಪ್ಪ ಬರುತ್ತೋ ಅದನ್ನು ಇಟ್ಟುಕೊಳ್ಳಿ.

ದಾವಣಗೆರೆ_ಡ್ರಮ್ಮರ್

ಒಪ್ಪಿದೆ. ಈಗ ಮಲಗೋಣ.

ಒಂಟಿ_ತಂತಿ

ಇಷ್ಟೆಲ್ಲಾ ಮಾಡುವ ಹೊತ್ತಿಗೆ ನಿಜವಾದ ಬೇಸ್‌ನಲ್ಲಿ ನಾಲ್ಕು ಸ್ವರ ಕಲಿಯಬಹುದಿತ್ತು. ಆದರೆ ಆ ಬಾಲದ ವಿಷಯ ನನಗೂ ಗೊತ್ತಿರಲಿಲ್ಲ.

ಬೀಟ್_ಬಸವ

ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ ಎಲ್ಲರೂ, ಒಂಟಿ_ತಂತಿ ಅಣ್ಣ ಒಪ್ಪಿಕೊಂಡರು!

ರಸಬಾಳೆ_ನಂಜನಗೂಡು

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಸ್ಲ್ಯಾಪ್ ಹೋಯಿತು. ಸಿ ಮೇಲಕ್ಕೆ ಬಂತು. ಎರಡು ಟ್ರ್ಯಾಕ್ ಮಾಡಿದೆ, ಮೊಬೈಲ್‌ನಲ್ಲೂ ಬೇಸ್ ಎಲ್ಲಿ ಹೋಗುತ್ತಿದೆ ಅಂತ ಹಿಂಬಾಲಿಸಬಹುದು. ಅಮ್ಮ ಅಡುಗೆಮನೆಯಿಂದ "ಇವತ್ತು ಹಾಡು ನಡೀತಾ ಇದೆ ಕಣೋ" ಅಂದರು. ಏನು ಬದಲಾಯಿತು ಅಂತ ಕೇಳಿದೆ, ಗೊತ್ತಿಲ್ಲ ಅಂದರು.

ಆರ್ಕೆಸ್ಟ್ರಾ ಗೆಳೆಯನಿಗೂ ಕಳಿಸಿದೆ. "ಯಾರು ನುಡಿಸಿದ್ದು?" ಅಂತ ಬಂತು. ಕುಣಿದುಬಿಟ್ಟೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಬಂತು: "ಕಿಕ್ ಡ್ರಮ್ ಯಾಕೋ ಹಿಟ್ಟಿನ ಗಿರಣಿ ತರ ಇದೆಯಲ್ಲೋ."

ದಾವಣಗೆರೆ_ಡ್ರಮ್ಮರ್

ಹೊಸ ಥ್ರೆಡ್ ಹಾಕಿ. ಇದಕ್ಕಾದರೂ ನಾನೇ ಮೊದಲು ಉತ್ತರ ಕೊಡುತ್ತೇನೆ.